ಚೀಟಿಯ ಮೂಲೆಯ ಕಣ್ಣು

ನನ್ನ ಟ್ಯಾಕ್ಸಿ ಹತ್ತುವವರಲ್ಲಿ ಅರ್ಧದಷ್ಟು ಜನ ಕೇಳುವುದು ಒಂದೇ ಪ್ರಶ್ನೆ. "ಅಲ್ಲ ಮಾರಾಯ, ಲಂಡನ್ನಿನ ಇಷ್ಟೂ ಬೀದಿ ನಿನ್ನ ತಲೇಲಿ ಹೇಗೆ ಕೂತ್ವು?" ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿರುವ ತಾಯಂದಿರಾದರೆ ಸೀಟಿನ ತುದಿಗೆ ಸರಿದು, ನಡುವಿನ ಗಾಜಿನ ಕಿಂಡಿಗೆ ಕಿವಿಯಿಟ್ಟು ಕೇಳುತ್ತಾರೆ.

ನಾನೂ ಮೇಷ್ಟರ ಗತ್ತಿನಲ್ಲಿ ಹೇಳುತ್ತೇನೆ. ಬಿಸ್ಕತ್ತಿನ ಖಾಲಿ ಡಬ್ಬಿ ಮೂರು ತಗೊಳ್ಳಿ. ಒಂದೊಂದು ಸಂಗತಿಗೆ ಒಂದೊಂದು ಚೀಟಿ ಬರೆಯಿರಿ. ಮೊದಲ ಡಬ್ಬಿಯ ಚೀಟಿಗಳನ್ನು ದಿನಾ ಕೇಳಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿಯಾಗಿ ಒಪ್ಪಿಸಿದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ. ತಪ್ಪಿದ್ದು, ಎಷ್ಟೇ ಹಳೆಯದಿರಲಿ, ಮೊದಲ ಡಬ್ಬಿಗೆ ವಾಪಸ್. ಪುಸ್ತಕ ಮುಚ್ಚಿ, ಬಾಯಿಬಿಟ್ಟು ಹೇಳಬೇಕು. ಮರೆತರೆ ತಟ್ಟನೆ ತೆರೆದು ನೋಡಬಾರದು. ಒಂದು ನಿಮಿಷ ತಿಣುಕಬೇಕು. ತಿಣುಕಿ ಸಿಕ್ಕಿದ್ದು ಮತ್ತೆ ಕೈಬಿಟ್ಟು ಹೋಗುವುದಿಲ್ಲ.

ಅವರು ತಲೆದೂಗುತ್ತಾರೆ. ಕೆಲವರು ಬರೆದುಕೊಳ್ಳುವುದೂ ಉಂಟು. "ಭಾರೀ ತಲೆ ನಿಂದು" ಎಂದು ಹೊಗಳಿ ಇಳಿದು ಹೋಗುತ್ತಾರೆ. ಆ ಡಬ್ಬಿಗಳು ನನ್ನವಲ್ಲ, ಆ ತಲೆಯೂ ನನ್ನದಲ್ಲ. ಬ್ರೈಡಿ ಗಾಲ್ವಿನ್ ಎಂಬ ಹೆಂಗಸಿನದು. ಅವಳಿಗೆ ನಾನು ಏನು ಮಾಡಿದೆ ಎಂಬುದನ್ನು ಯಾವ ಪ್ರಯಾಣಿಕನಿಗೂ ಹೇಳಿಲ್ಲ. ಹೇಳುವ ಮುಖವೂ ನನಗಿಲ್ಲ. ಆದರೂ ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ.

ಈ ಊರಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವ ಪರವಾನಗಿಯ ಬಿಲ್ಲೆ ಸಿಗಬೇಕಾದರೆ ಚೇರಿಂಗ್ ಕ್ರಾಸಿನ ಸುತ್ತ ಆರು ಮೈಲಿಯೊಳಗಿನ ಬೀದಿಬೀದಿಯೂ ಬಾಯಿಗೆ ಬರಬೇಕು. ಅದರ ಪರೀಕ್ಷೆಗೆ ಪೆನ್ನಿಲ್ಲ, ಕಾಗದವಿಲ್ಲ. ಸೂಟು ತೊಟ್ಟು ಪರೀಕ್ಷಕರ ಎದುರು ನೆಟ್ಟಗೆ ಕೂರಬೇಕು. ಅವರು ಎರಡು ಜಾಗಗಳ ಹೆಸರು ಹೇಳುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಹಾದಿಯನ್ನು, ಒಂದು ತಿರುವೂ ಬಿಡದೆ, ನಾವು ಒಪ್ಪಿಸಬೇಕು. ಮೊದಮೊದಲು ಐವತ್ತಾರು ದಿನಕ್ಕೊಮ್ಮೆ ಕರೆಯುತ್ತಾರೆ, ಆಮೇಲೆ ಇಪ್ಪತ್ತೆಂಟು ದಿನಕ್ಕೆ, ಕೊನೆಯ ಹಂತದಲ್ಲಿ ಇಪ್ಪತ್ತೊಂದು ದಿನಕ್ಕೆ. ಒಂದೇ ಹಂತದಲ್ಲಿ ನಾಲ್ಕು ಸಲ ಸೊನ್ನೆ ಬಂತೋ, ಹಿಂದಿನ ಹಂತಕ್ಕೆ ತಳ್ಳಿಬಿಡುತ್ತಾರೆ. ಮೂರು ನಾಲ್ಕು ವರ್ಷ ಹೀಗೆ ಸವೆಯುತ್ತದೆ. ಬಹಳ ಜನ ಅರ್ಧದಲ್ಲೇ ಕೈಚೆಲ್ಲುತ್ತಾರೆ.

ಒಬ್ಬರೇ ಕೂತು ಓದಿ ಇದು ಬರುವಂಥದ್ದಲ್ಲ. ಒಬ್ಬ ಹಾದಿಗಳ ಪಟ್ಟಿ ಹಿಡಿಯಬೇಕು, ಇನ್ನೊಬ್ಬ ಕಣ್ಣು ಮುಚ್ಚಿ ಒಪ್ಪಿಸಬೇಕು. ಅದಕ್ಕೇ ಎಲ್ಲರೂ ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳುತ್ತಾರೆ. ನಾನಾಗ ಮೂವತ್ತೊಂಬತ್ತರವನು. ಕೆಲಸ ಮಾಡುತ್ತಿದ್ದ ಪೀಠೋಪಕರಣದ ಗೋದಾಮು ಮುಚ್ಚಿ ಮನೆಯಲ್ಲಿ ಕೂತಿದ್ದೆ. ಬ್ರೈಡಿಗೆ ಐವತ್ತನಾಲ್ಕು. ಐರ್ಲೆಂಡಿನ ಮೇಯೋ ಕಡೆಯಿಂದ ಹುಡುಗಿಯಾಗಿದ್ದಾಗಲೇ ಬಂದು ಕಿಲ್ಬರ್ನಿನಲ್ಲಿ ನೆಲೆಯಾದವಳು, ಗಂಡ ಸತ್ತವಳು, ಬೇರೆ ಊರಿನಲ್ಲಿ ಒಬ್ಬ ಮಗಳಿರುವವಳು, ಶಾಲೆಯೊಂದರ ಅಡುಗೆಮನೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವವಳು. ಟ್ಯಾಕ್ಸಿ ಕಲಿಯುವವರ ತರಗತಿಯಲ್ಲಿ ನಲವತ್ತು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಯಾರೂ ಅವಳ ಜೊತೆ ಕೂರಲಿಲ್ಲ. ನನ್ನ ಜೊತೆಯೂ ಯಾರೂ ಕೂರಲಿಲ್ಲ, ಏಕೆಂದರೆ ನಾನು ದಡ್ಡ ಎಂಬುದು ಎರಡನೇ ವಾರಕ್ಕೇ ಎಲ್ಲರಿಗೂ ಗೊತ್ತಾಗಿತ್ತು.

"ಈ ವಯಸ್ಸಲ್ಲಿ ಯಾಕೆ ಬೇಕಿತ್ತು ನಿನಗೆ ಈ ಉಸಾಬರಿ?" ಎಂದು ಒಮ್ಮೆ ಕೇಳಿದ್ದೆ.

"ಇಪ್ಪತ್ತಾರು ವರ್ಷ ಯಾರೋ ಗಂಟೆ ಹೊಡೆದಾಗ ಬಡಿಸಿದೀನಿ ಕಣೋ ವರ್ನನ್. ಇನ್ಮೇಲೆ ನನ್ನ ಗಂಟೆ ನಾನೇ ಹೊಡ್ಕೋಬೇಕು. ಬೇಕಾದಾಗ ಟ್ಯಾಕ್ಸಿಯ 'ಖಾಲಿ ಇದೆ' ದೀಪ ಹಾಕೋದು, ಸಾಕಾದಾಗ ಆರಿಸಿ ಮನೆಗೆ ಬರೋದು."

ಅವಳ ಅಡುಗೆಮನೆಯ ಮೇಜಿನ ಮೇಲೆ ನಮ್ಮ ಪಾಠ. ಸಂಜೆ ನಾಲ್ಕಕ್ಕೆ ಅವಳು ಶಾಲೆಯಿಂದ ಬಂದು ಏಪ್ರನ್ ಕೂಡ ಬಿಚ್ಚದೆ ಕೂತುಬಿಡುತ್ತಿದ್ದಳು.

"ಮ್ಯಾನರ್ ಹೌಸ್ ಸ್ಟೇಷನ್ನಿಂದ ಗಿಬ್ಸನ್ ಸ್ಕ್ವೇರ್. ಶುರುಮಾಡು."

"ಎಡಕ್ಕೆ ಹೊರಟು ಗ್ರೀನ್ ಲೇನ್ಸ್, ಬಲಕ್ಕೆ ಬ್ರೌನ್ಸ್‌ವುಡ್ ರೋಡ್, ಎಡಕ್ಕೆ ಬ್ಲ್ಯಾಕ್‌ಸ್ಟಾಕ್ ರೋಡ್, ನೇರ... ನೇರ..."

"ಪಟ್ಟಿ ಕಡೆ ಕಣ್ಣು ಹಾಕ್ಬೇಡ. ತಿಣುಕು."

"ಹೈಬರಿ ಪಾರ್ಕ್!"

"ನೋಡಿದ್ಯಾ, ಒಳಗೇ ಇತ್ತು. ಸುಮ್ನೆ ನಾಚ್ಕೊಂಡು ಕೂತಿತ್ತು ಅಷ್ಟೆ. ನಿನ್ನ ತಲೆ ಜರಡಿ ಕಣೋ. ಹಿಟ್ಟೆಲ್ಲ ಕೆಳಗೆ, ಹೊಟ್ಟು ಮಾತ್ರ ಮೇಲೆ."

ಬೈಗುಳದ ಜೊತೆ ಉಪಾಯವನ್ನೂ ಕೊಡುತ್ತಿದ್ದಳು. ಒಂದೊಂದು ತಿರುವಿನಲ್ಲೂ ಅವಳು ತನ್ನ ಶಾಲೆಯ ಒಂದೊಂದು ಮಗುವನ್ನು ನಿಲ್ಲಿಸಿದ್ದಳು. ಬಟಾಣಿ ಕಂಡರೆ ಮುಖ ಸಿಂಡರಿಸುವ ಹುಡುಗ ಬಾರ್ನ್ಸ್‌ಬರಿ ಬೀದಿಯ ಮೂಲೆಯಲ್ಲಿ, ಎರಡನೇ ಸಲ ಕಸ್ಟರ್ಡ್ ಕೇಳುವ ಹುಡುಗಿ ಮಿಲ್ನರ್ ಸ್ಕ್ವೇರಿನಲ್ಲಿ. ಹಾದಿ ಒಪ್ಪಿಸುವಾಗ ಮಕ್ಕಳ ಸಾಲಿನ ಉದ್ದಕ್ಕೂ ಸೌಟು ಹಿಡಿದು ನಡೆದಂತೆ ನಡೆದುಬಿಡುತ್ತಿದ್ದಳು. ನನಗೆ ಮಕ್ಕಳ ಗುರುತಿರಲಿಲ್ಲ. ಹಾಗಾಗಿ ಗೋದಾಮಿನ ಕುರ್ಚಿ, ಬೀರು, ಮಂಚಗಳನ್ನು ಮೂಲೆಮೂಲೆಗೆ ಇಟ್ಟೆ. ಹೇಗೋ ನಡೆಯಿತು. ಅವಳಿಂದಾಗಿಯೇ ನಡೆಯಿತು.

ನಮ್ಮಿಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಕಲಿಯುವವರೆಲ್ಲ ಮೊಪೆಡ್ ಹತ್ತಿ, ಹ್ಯಾಂಡಲ್ ಮೇಲೆ ಹಲಗೆ ಸಿಕ್ಕಿಸಿ, ಬೀದಿಬೀದಿ ಸುತ್ತಿ ನೋಡಿಬರುವುದು ಪದ್ಧತಿ. ನಕ್ಷೆಯಲ್ಲಿ ಕಾಣದ ಎಷ್ಟೋ ಸಂಗತಿಗಳು ಬೀದಿಯಲ್ಲಿ ಕಾಣುತ್ತವೆ. ಬಾಗಿಲು ಯಾವ ಮಗ್ಗುಲಿಗಿದೆ, ಯಾವ ಕಡೆಯಿಂದ ಪ್ರವೇಶವಿಲ್ಲ, ಇಂಥವು. ಯಾರಾದರೂ ಪರೀಕ್ಷೆ ಮುಗಿಸಿ ಬಂದರೆ, ಅವರಿಗೆ ಕೇಳಿದ ಹೊಸ ಜಾಗಗಳ ಹೆಸರು ತರಗತಿಯ ಗೋಡೆಗೆ ಬೀಳುತ್ತಿತ್ತು. ಅವನ್ನು ನಾನೂ ಬ್ರೈಡಿಯೂ ಹಂಚಿಕೊಳ್ಳುತ್ತಿದ್ದೆವು. ವಾರದ ದಿನಗಳಲ್ಲಿ ಅವಳಿಗೆ ಶಾಲೆ, ಹಾಗಾಗಿ ನಾನು ಸುತ್ತುವುದು. ಶನಿವಾರ ಭಾನುವಾರ ಅವಳು. ನೋಡಿ ಬಂದವರು ಚೀಟಿ ಬರೆದು, ಮೂಲೆಯಲ್ಲಿ ಒಂದು ಸಣ್ಣ ಕಣ್ಣಿನ ಚಿತ್ರ ಬಿಡಿಸಬೇಕು. ಎರಡು ರೆಪ್ಪೆಗೂದಲು ಸಮೇತ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರ ಅರ್ಥ.

"ಕಣ್ಣಿಲ್ಲದ ಚೀಟಿ ನನ್ನ ಡಬ್ಬಿಗೆ ಬೀಳಕೂಡದು," ಎಂದು ಮೊದಲ ದಿನವೇ ಹೇಳಿದ್ದಳು. "ಕಣ್ಣಿದ್ದರೆ ಮಾತ್ರ ನಾನು ಕಣ್ಣು ಮುಚ್ಚಿ ನಂಬ್ತೀನಿ."

ಎರಡೂವರೆ ವರ್ಷ ನಾನು ಆ ಮಾತು ಉಳಿಸಿಕೊಂಡೆ. ಮೂರನೇ ವರ್ಷದ ಫೆಬ್ರವರಿಯ ಒಂದು ಬೆಳಗ್ಗೆ ಮುರಿದೆ.

ಅವತ್ತು ನನ್ನ ಪಾಲಿಗೆ ಐದು ಜಾಗಗಳಿದ್ದವು. ಮಳೆಯಲ್ಲ, ಹಿಮವಲ್ಲ, ಎರಡರ ನಡುವಿನ ರಾಡಿ ಬೀಳುತ್ತಿತ್ತು. ಮೂರು ಜಾಗ ನೋಡುವಷ್ಟರಲ್ಲಿ ಕೈಗವಸು ನೆನೆದು ಬೆರಳು ಸೆಟೆದಿದ್ದವು. ಮೊಪೆಡ್ ಎರಡು ಸಲ ಕೆಟ್ಟು ನಿಂತಿತ್ತು. ಉಳಿದವು ಎರಡು. ಒಂದು ಗ್ರಂಥಾಲಯ, ಇನ್ನೊಂದು ಹಳೆಯ ಸಿಟಿ ಭಾಗದ ಪಾಟರ್ಸ್ ರೋ ಎಂಬ ಗಲ್ಲಿಯಲ್ಲಿರುವ ಬೀಗ ತಯಾರಕರ ಸಂಘದ ಹಾಲ್. ನಾನು ಒಂದು ಕೆಫೆ ಹೊಕ್ಕು ಮೊಟ್ಟೆ, ಬೀನ್ಸ್, ಒಂದು ಮಗ್ ಚಹಾ ತರಿಸಿಕೊಂಡು ನಕ್ಷೆ ಬಿಡಿಸಿದೆ. ನಕ್ಷೆಯಲ್ಲಿ ಎಲ್ಲ ಸ್ಪಷ್ಟವಾಗಿಯೇ ಇತ್ತು. ದೊಡ್ಡ ರಸ್ತೆಯಿಂದ ಬಲಕ್ಕೆ ಪಾಟರ್ಸ್ ರೋ, ಹಾಲ್ ಎಡಗಡೆ. ಹಾಗೇ ಬರೆದೆ. ನಾಳೆ ಹೋಗಿ ನೋಡಿದರಾಯಿತು ಎಂದುಕೊಂಡು ಕಣ್ಣನ್ನೂ ಬಿಡಿಸಿಬಿಟ್ಟೆ. ಮಗ್ ಎತ್ತಿ ಇಟ್ಟಾಗ ಚೀಟಿಯ ತುದಿಗೆ ಚಹಾದ ಅರ್ಧ ಉಂಗುರ ಬಿತ್ತು.

ಆ ನಾಳೆ ಬರಲೇ ಇಲ್ಲ. ದೊಡ್ಡ ದ್ರೋಹ ಮಾಡಿದೆ ಎಂದು ಅವತ್ತು ಅನ್ನಿಸಲೂ ಇಲ್ಲ. ಸೋಮಾರಿತನ, ಅಷ್ಟೇ. ಸೋಮಾರಿತನಕ್ಕೆ ನಾನು ಹುಟ್ಟಿನಿಂದಲೇ ಹೊಂದಿಕೊಂಡವನು.

ಮಾರ್ಚಿನ ಒಂದು ಮಂಗಳವಾರಕ್ಕೆ ಬ್ರೈಡಿಗೆ ಪರೀಕ್ಷೆಯ ಕರೆ ಬಂತು. ಅವಳು ಕೊನೆಯ ಹಂತದಲ್ಲಿದ್ದಳು, ನನಗಿಂತ ಮುಂದೆ. ಆದರೆ ಎದೆ ಡವಗುಟ್ಟಿ ಮೂರು ಸಲ ಸೊನ್ನೆ ತಂದಿದ್ದಳು. ಈ ಸಲ ಗೆದ್ದರೆ ಬಿಲ್ಲೆ ಕೈಗೆ ಬಂದಂತೆ, ಸೋತರೆ ಹಿಂದಕ್ಕೆ. ಪರೀಕ್ಷೆಗೆ ಎರಡು ದಿನ ಮುಂಚೆ ಡಬ್ಬಿಗಳನ್ನು ಜೊತೆಗಾರನ ಮನೆಗೆ ಸಾಗಿಸಿಬಿಡುವುದು ಅವಳ ನಿಯಮ. ಕೊನೇ ಗಳಿಗೆಯಲ್ಲಿ ತುರುಕಿದ್ದು ಮೊದಲು ಇದ್ದದ್ದನ್ನೂ ಕಲಸಿಬಿಡುತ್ತದೆ ಎನ್ನುತ್ತಿದ್ದಳು. ಹಾಗಾಗಿ ಮೂರೂ ಡಬ್ಬಿ ನನ್ನ ಮನೆಯಲ್ಲಿದ್ದವು.

ಆ ಮಂಗಳವಾರ ಹನ್ನೊಂದೂವರೆಗೆ ಫೋನ್ ಬಂತು. ಬೂತಿನಿಂದ.

"ಹೋಯ್ತು ವರ್ನನ್."

"ಏನು ಹೋಯ್ತು?"

"ಸೊನ್ನೆ. ಮೂರು ಹಾದಿ ನೀರು ಕುಡಿದ ಹಾಗೆ ಹೇಳಿದೆ. ನಾಲ್ಕನೇದಕ್ಕೆ ಬೀಗದವರ ಹಾಲ್ ಕೇಳಿದ್ರು. ದೊಡ್ಡ ರಸ್ತೆಯಿಂದ ಬಲಕ್ಕೆ ಪಾಟರ್ಸ್ ರೋ ಅಂದೆ. ಮಿಸ್ಟರ್ ಪಿಂಬ್ಲೆಟ್ ಪೆನ್ನು ಕೆಳಗಿಟ್ರು. 'ಮಿಸೆಸ್ ಗಾಲ್ವಿನ್, ಅಲ್ಲಿ ಪ್ರವೇಶವಿಲ್ಲ ಅಂತ ಬೋರ್ಡ್ ಹಾಕಿ ನಾಲ್ಕು ತಿಂಗಳಾಯ್ತು. ನಿಮ್ಮ ಪ್ರಯಾಣಿಕರನ್ನ ಎದುರಿಗೆ ಬರೋ ಲಾರಿಗೆ ಗುದ್ದಿಸಿದ್ರಿ' ಅಂದ್ರು." ಒಂದು ಉಸಿರು ಎಳೆದುಕೊಂಡಳು. "ನಾನು ಜಗಳಕ್ಕೇ ನಿಂತೆ ಕಣೋ. ಇಲ್ಲ ಸರ್, ನನ್ನ ಜೊತೆಗಾರ ಹೋಗಿ ನೋಡಿ ಬಂದಿದಾನೆ, ಚೀಟಿ ಮೇಲೆ ಕಣ್ಣಿದೆ ಅಂದೆ. ಅವರಿಗೇನು ಗೊತ್ತು ಕಣ್ಣು ಅಂದ್ರೆ. ಬಾಗಿಲು ತೋರಿಸಿದ್ರು."

ಆಗಲೇ ಹೇಳಿಬಿಡಬಹುದಿತ್ತು. ಎರಡು ಮಾತು. ನಾನು ಹೋಗಲಿಲ್ಲ ಬ್ರೈಡಿ, ತಪ್ಪಾಯಿತು. ಅವಳು ಬೈಯುತ್ತಿದ್ದಳು, ಬಹುಶಃ ಫೋನ್ ಕುಕ್ಕುತ್ತಿದ್ದಳು. ಮುಗಿದುಹೋಗುತ್ತಿತ್ತು.

"ನೀನು ಸರಿಯಾಗಿ ಓದಿದ್ಯಾ ಚೀಟಿನ?" ಎಂದೆ. ನನ್ನ ಬಾಯಿಂದ ಬಂದ ಮಾತು ಇದು.

"ಓದಿದ್ದೆ ಅಂದ್ಕೊಂಡಿದೀನಿ," ಎಂದಳು. "ಬರ್ತೀನಿ ತಾಳು. ನೋಡೇಬಿಡೋಣ."

ಅವಳು ಬರಲು ಒಂದು ಗಂಟೆ ಬೇಕಿತ್ತು. ಆ ಒಂದು ಗಂಟೆಯಲ್ಲಿ ನಾನು ಮಾಡಿದ ಕೆಲಸ ಸೋಮಾರಿತನದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಬಹಳ ಚುರುಕಾಗಿ, ಬಹಳ ಅಚ್ಚುಕಟ್ಟಾಗಿ ಮಾಡಿದೆ. ಮೂರನೇ ಡಬ್ಬಿಯಿಂದ ಆ ಚೀಟಿ ತೆಗೆದೆ. ಅದೇ ನೀಲಿ ಪೆನ್ನಿನಲ್ಲಿ, ಅದೇ ಅಳತೆಯ ಹೊಸ ಚೀಟಿ ಬರೆದೆ. ಪಾಟರ್ಸ್ ರೋಗೆ ದೊಡ್ಡ ರಸ್ತೆಯಿಂದ ಪ್ರವೇಶವಿಲ್ಲ, ಹಿಂದಿನಿಂದ ಬಳಸಿ ಬರಬೇಕು, ಹಾಲ್ ಬಲಗಡೆ. ಬರೆದು ಕಣ್ಣು ಬಿಡಿಸಿದೆ. ಹೊಸದಾಗಿ ಕಾಣಬಾರದೆಂದು ಬೆರಳಿನಿಂದ ಅಂಚು ಮಸುಕು ಮಾಡಿದೆ. ಹಳೆಯದನ್ನು ಹರಿಯಲು ಹೋದೆ, ಯಾಕೋ ಕೈ ಬರಲಿಲ್ಲ. ಪರ್ಸಿನಲ್ಲಿ ಮಡಚಿಟ್ಟೆ.

ಬ್ರೈಡಿ ಪರೀಕ್ಷೆಯ ಕಪ್ಪು ಕೋಟಿನಲ್ಲೇ ಬಂದಳು. ಕೂರಲಿಲ್ಲ. ಡಬ್ಬಿ ತೆರೆದು ಚೀಟಿ ಹುಡುಕಿ ತೆಗೆದು ಓದಿದಳು. ಮತ್ತೆ ಓದಿದಳು. ತಿರುಗಿಸಿ ಹಿಂಭಾಗ ನೋಡಿದಳು.

"ಇದೇನಾ?"

"ಇದೇ. ಇನ್ಯಾವುದು?"

"ಇದರ ತುದೀಲಿ ಚಹಾದ ಕಲೆ ಇತ್ತಲ್ಲೋ. ಅರ್ಧ ಉಂಗುರದ ಥರ."

"ಯಾವ ಕಲೆ?" ಎಂದೆ. "ಬೇರೆ ಯಾವುದೋ ಚೀಟಿ ಇರ್ಬೇಕು ಬ್ರೈಡಿ."

ಅವಳು ಮೂರೂ ಡಬ್ಬಿ ಮೇಜಿನ ಮೇಲೆ ಸುರಿದು ಒಂದೊಂದೇ ಚೀಟಿ ನೋಡಿದಳು. ನೂರಾರು ಚೀಟಿಗಳು. ನಾನು ಪಕ್ಕದಲ್ಲಿ ನಿಂತು ಹುಡುಕಲು ನೆರವಾದೆ. ಹೌದು, ನೆರವಾದೆ. ಕಲೆಯ ಚೀಟಿ ನನ್ನ ತೊಡೆಗೆ ತಾಗಿಕೊಂಡು ಪ್ಯಾಂಟಿನ ಜೇಬಿನಲ್ಲಿತ್ತು. ಕೊನೆಗೆ ಅವಳು ಕುರ್ಚಿಯಲ್ಲಿ ಕುಸಿದಳು.

"ಅಮ್ಮನಿಗೂ ಹೀಗೇ ಶುರುವಾಗಿದ್ದು," ಎಂದಳು. "ಅಂಗಳದಲ್ಲಿ ಕೆಂಪು ಹಸು ನಿಂತಿದೆ, ಒಳಗೆ ಕಟ್ಟು ಅಂತಿದ್ಲು. ಆ ಹಸು ಮಾರಿ ಇಪ್ಪತ್ತು ವರ್ಷ ಆಗಿತ್ತು. ಇಲ್ಲ ಅಮ್ಮ ಅಂದ್ರೆ, ಕಣ್ಣಾರೆ ಕಂಡೆ ಅಂತ ಅಳೋಳು. ಆಮೇಲೆ ನನ್ನ ಹೆಸರೂ ಹೋಯ್ತು."

"ಛೆ, ಏನ್ ಮಾತಾಡ್ತೀಯಾ. ಸುಸ್ತಾಗಿದೆ ನಿನಗೆ."

"ಆ ಕಲೆ ಇನ್ನೂ ನನ್ನ ಕಣ್ಣೆದುರಿಗೆ ಇದೆ ವರ್ನನ್. ಅದೇ ಹೆದರಿಕೆ."

ನಾನು ಚಹಾ ಮಾಡಿಕೊಟ್ಟೆ. ಸಕ್ಕರೆ ಎರಡು ಚಮಚ ಹಾಕಿ ಕಲಸಿ ಕೈಗೆ ಕೊಟ್ಟೆ. ಈ ಹಾಳು ಕೈಯಿಂದ.

ಬ್ರೈಡಿ ಮತ್ತೆ ಪರೀಕ್ಷೆಗೆ ಹೋಗಲಿಲ್ಲ. ಮೊಪೆಡ್ಡನ್ನು ಮಾರಿದಳು. ಡಬ್ಬಿಗಳನ್ನು ನನಗೇ ಬಿಟ್ಟಳು. "ನಿನಗಾದರೂ ಪ್ರಯೋಜನಕ್ಕೆ ಬರಲಿ" ಎಂದಳು. ಬಂದವು. ವರ್ಷ ತುಂಬುವುದರೊಳಗೆ ನಾನು ಪಾಸಾದೆ. ಮಿಸ್ಟರ್ ಪಿಂಬ್ಲೆಟ್ ಎದ್ದು ನಿಂತು ಕೈಕುಲುಕಿದರು, ಮೊದಲ ಸಲ ನಕ್ಕರು. ಬ್ರೈಡಿ ಅಭಿನಂದನೆಯ ಕಾರ್ಡ್ ಕಳಿಸಿದ್ದಳು. ಅದರೊಳಗೆ ಏನೂ ಬರೆದಿರಲಿಲ್ಲ, ಮೂಲೆಯಲ್ಲಿ ಒಂದು ಕಣ್ಣು ಬಿಡಿಸಿದ್ದಳು.

ಟ್ಯಾಕ್ಸಿಯವರಿಗೆಂದೇ ಊರಲ್ಲಿ ಕೆಲವು ಹಸಿರು ಮರದ ಗುಡಿಸಲುಗಳಿವೆ. ಒಳಗೆ ಬೆಂಚು, ಬಿಸಿ ತಿಂಡಿ, ಹರಟೆ. ಬಿಲ್ಲೆ ಇದ್ದವರಿಗೆ ಮಾತ್ರ ಒಳಗೆ ಜಾಗ, ಉಳಿದವರು ಹೊರಗಿನ ಕಿಟಕಿಯಲ್ಲಿ ಚಹಾ ಕೊಳ್ಳಬೇಕು. ಕಲಿಯುವಾಗ ನಾನೂ ಬ್ರೈಡಿಯೂ ಆ ಕಿಟಕಿಯ ಮುಂದೆ ನಿಂತು, ಮೊದಲು ಒಳಗೆ ಹೋದವರು ಇನ್ನೊಬ್ಬರಿಗೆ ಬೇಕನ್ ರೋಲ್ ಕೊಡಿಸಬೇಕು ಎಂದು ಪಂಥ ಕಟ್ಟಿದ್ದೆವು. ಬಿಲ್ಲೆ ಬಂದ ಮೇಲೂ ನಾನು ಕಿಟಕಿಯಲ್ಲೇ ಚಹಾ ತೆಗೆದುಕೊಳ್ಳುತ್ತಿದ್ದೆ. "ಒಳಗೆ ಬಾರೋ, ನಿನಗೇನು ಮುಳ್ಳು ಚುಚ್ಚುತ್ತಾ?" ಎಂದು ಒಳಗಿದ್ದವರು ಗೇಲಿ ಮಾಡುತ್ತಿದ್ದರು. ನಾನು ಬೆನ್ನುನೋವು ಎನ್ನುತ್ತಿದ್ದೆ.

ಅವಳನ್ನು ನೋಡಲು ಮಾತ್ರ ಹೋಗಲಿಲ್ಲ. ಮೊದಲು ಪರೀಕ್ಷೆಯ ನೆಪ, ಆಮೇಲೆ ಕೆಲಸದ ನೆಪ. ಮೂರು ವರ್ಷ ಕಳೆಯಿತು.

ಒಂದು ಮೇ ತಿಂಗಳ ಮಧ್ಯಾಹ್ನ ಕಿಲ್ಬರ್ನಿನಲ್ಲಿ ಪ್ರಯಾಣಿಕರನ್ನು ಇಳಿಸಿ ತಿರುಗುವಾಗ ಔಷಧದಂಗಡಿಯಿಂದ ಹೊರಬರುತ್ತಿದ್ದ ಅವಳನ್ನು ಕಂಡೆ. ಓಡಿಹೋಗಲು ಆಗದಂತೆ ಕೆಂಪು ದೀಪ ಬಿದ್ದಿತ್ತು. ಅವಳೇ ಕಿಟಕಿಯ ಹತ್ತಿರ ಬಂದಳು. ತುಂಬಾ ತೆಳ್ಳಗಾಗಿದ್ದಳು.

"ಹೇಳ್ಬೇಡ, ಹೇಳ್ಬೇಡ," ಎಂದು ಬೆರಳೆತ್ತಿದಳು. ಹಣೆ ಗಂಟಿಕ್ಕಿ, ಒಂದೊಂದೇ ಅಕ್ಷರದ ಮೇಲೆ ಕಾಲಿಟ್ಟು ದಾಟುವವಳ ಹಾಗೆ, "ವರ್ನನ್. ವರ್ನನ್ ಟ್ಯಾಪ್. ಗೋದಾಮು. ಸರಿಯಾಗಿ ಹೇಳಿದ್ನಾ?" ಎಂದಳು.

ನನ್ನ ಹೆಸರನ್ನು ಅವಳು ಮರೆತಿರಲಿಲ್ಲ. ಮರೆತಿಲ್ಲ ಎಂಬುದರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

"ಬಾ, ಚಹಾ ಕುಡ್ಕೊಂಡು ಹೋಗು," ಎಂದಳು. ಹೋದೆ.

ಅದೇ ಅಡುಗೆಮನೆ, ಅದೇ ಮೇಜು. ಆದರೆ ಗೋಡೆಯ ತುಂಬ ಚೀಟಿಗಳು. ಒಲೆಯ ಮೇಲೆ "ಗ್ಯಾಸ್ ಆರಿಸು". ಬಾಗಿಲಿಗೆ "ಬೀಗದಕೈ". ನಲ್ಲಿಯ ಹತ್ತಿರ "ನೀರು". ಕ್ಯಾಲೆಂಡರಿನಲ್ಲಿ ಕಳೆದ ದಿನಗಳಿಗೆಲ್ಲ ಗೀಟು. ಯಾವ ಚೀಟಿಯಲ್ಲೂ ಕಣ್ಣಿರಲಿಲ್ಲ.

"ಇನ್ನೂ ಅಷ್ಟೇನೂ ಕೆಟ್ಟಿಲ್ಲ," ಎಂದಳು, ನಾನು ನೋಡುವುದನ್ನು ನೋಡಿ. "ಡಾಕ್ಟ್ರು ಏನೂ ಕಾಣ್ತಿಲ್ಲ ಅಂತಾರೆ. ಶುರುವಲ್ಲಿ ಅವರಿಗೂ ಕಾಣಲ್ಲ, ಅಮ್ಮನದೂ ಹಾಗೇ ಆಗಿತ್ತು. ಶಾಲೆ ಬಿಟ್ಟೆ. ಕಡಲೆಕಾಯಿ ತಿನ್ನಬಾರದ ಹುಡುಗಿ ಒಬ್ಬಳಿದ್ಲು. ಒಂದಿನ ಮರೆತು ಅವಳಿಗೆ ಬಡಿಸಿಬಿಟ್ರೆ? ಆ ಭಯಕ್ಕೆ ಬಿಟ್ಟೆ."

"ಬ್ರೈಡಿ."

"ಹಾಲು ಹಾಕಿದ್ನಾ ನಿನಗೆ? ಹಾಕಿದೆ."

"ಬ್ರೈಡಿ, ನಾನು ಪಾಟರ್ಸ್ ರೋಗೆ ಹೋಗಿರ್ಲಿಲ್ಲ."

ಚಮಚ ಹಿಡಿದ ಕೈ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಕೆಫೆ, ನಕ್ಷೆ, ಮಗ್, ಆ ಒಂದು ಗಂಟೆ. ಹೇಳುತ್ತ ಹೇಳುತ್ತ ಕೈ ಪರ್ಸಿಗೆ ಹೋಯಿತು.

"ತಾಳು," ಎಂದಳು. "ತೋರಿಸ್ಬೇಡ."

ಕಣ್ಣು ಮುಚ್ಚಿದಳು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿದಳು, ಹಿಂದೆ ಒಪ್ಪಿಸುವಾಗ ಮಾಡುತ್ತಿದ್ದ ಹಾಗೆಯೇ.

"ಬೀಗ ತಯಾರಕರ ಸಂಘದ ಹಾಲ್. ಕೆಳಗೆ ಒಂದು ಗೆರೆ. ದೊಡ್ಡ ರಸ್ತೆಯಿಂದ ಬಲಕ್ಕೆ ಪಾಟರ್ಸ್ ರೋ. ಹಾಲ್ ಎಡಗಡೆ. 'ಎಡಗಡೆ' ಅನ್ನೋದನ್ನ ಮೊದಲು 'ಬಲ' ಅಂತ ಬರೆದು ಹೊಡೆದುಹಾಕಿದೀಯಾ. ಕೆಳಗೆ ಎಡ ಮೂಲೇಲಿ ಕಣ್ಣು. ಮೇಲೆ ಬಲ ತುದೀಲಿ ಚಹಾದ ಅರ್ಧ ಉಂಗುರ."

ಆಮೇಲೆ ಕಣ್ಣು ತೆರೆದು ಕೈಚಾಚಿದಳು. ಚೀಟಿ ಕೊಟ್ಟೆ. ಮಡಿಕೆ ಬಿಡಿಸಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು. ಹೊಡೆದುಹಾಕಿದ "ಬಲ" ನನಗೇ ಮರೆತುಹೋಗಿತ್ತು. ಅದು ಅಲ್ಲಿತ್ತು.

"ಸರಿ ಬಂತಾ?" ಎಂದಳು.

"ಸರಿ," ಎಂದೆ.

"ನನ್ನ ತಲೇಲಿ ಇದ್ದದ್ದು ಸರಿಯಾಗೇ ಇತ್ತು. ನಾನು ನಿನ್ನ ಚೀಟಿ ನಂಬಿದೆ." ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಎಷ್ಟು ದಿನ ಆಯ್ತು?"

"ಮೂರು ವರ್ಷ, ಎರಡು ತಿಂಗಳು."

"ದಿನಾ ಬೆಳಗ್ಗೆ ಎದ್ದು ಮೊದಲು ನನ್ನ ಹೆಸರು ಹೇಳ್ಕೋತೀನಿ ವರ್ನನ್. ಆಮೇಲೆ ಮಗಳ ಹೆಸರು. ಆಮೇಲೆ ಕಾಲು ನೆಲಕ್ಕಿಡೋದು."

ಅವಳು ಎದ್ದು ಒಲೆಯ ಮೇಲಿನ ಚೀಟಿಯನ್ನು ಕಿತ್ತಳು. ಆಮೇಲೆ ನಲ್ಲಿಯದು. ಬಾಗಿಲಿನ ಎತ್ತರದ ಚೀಟಿಗೆ ಕೈ ಎಟುಕದೆ ಕುರ್ಚಿ ಎಳೆದಳು. ನಾನು ತೆಗೆದುಕೊಡಲು ಎದ್ದೆ.

"ಮುಟ್ಬೇಡ," ಎಂದಳು.

ಕುರ್ಚಿ ಹತ್ತಿ ತಾನೇ ತೆಗೆದಳು. ಎಲ್ಲ ಮುಗಿಸಿ, ಚೀಟಿಗಳನ್ನು ಒಟ್ಟು ಮಾಡಿ ಕಸದ ಬುಟ್ಟಿಗೆ ಹಾಕಿ, ಕೈ ತೊಳೆದು, ನಲ್ಲಿ ನಿಲ್ಲಿಸಿ ಬಂದು ನನ್ನೆದುರು ಕೂತಳು. ಹಳೆಯ ಚೀಟಿ ಮಾತ್ರ ಮೇಜಿನ ಮೇಲೆ ಅವಳ ಕಡೆಗೆ ಉಳಿಯಿತು.

"ಚಹಾ ಆರ್ತಾ ಇದೆ. ಕುಡಿ. ಕುಡಿದು ಹೋಗು. ಡಬ್ಬಿಗಳನ್ನ ಬಾಗಿಲ ಹೊರಗೆ ಇಟ್ಟು ಹೋಗು ನಾಳೆ. ಗಂಟೆ ಒತ್ಬೇಡ."

"ಬ್ರೈಡಿ, ನಾನು..."

"ಕುಡಿ."

ಕುಡಿದೆ. ಮರುದಿನ ಡಬ್ಬಿ ಇಟ್ಟು ಬಂದೆ. ಗಂಟೆ ಒತ್ತಲಿಲ್ಲ. ಹೇಳಿದ್ದರಿಂದ ಹಗುರಾಯಿತೇ ಎಂದು ಕೇಳಿದರೆ, ಇಲ್ಲ. ಹೇಳುವ ಮೊದಲು ನಾನು ಎಂಥವನು ಎಂದು ಒಬ್ಬನಿಗೆ ಗೊತ್ತಿತ್ತು, ಆಮೇಲೆ ಇಬ್ಬರಿಗೆ.

ಅದಾಗಿ ವರ್ಷವಾಗುತ್ತ ಬಂತು. ಮೊನ್ನೆ ಏಪ್ರಿಲ್ಲಿನ ಒಂದು ಬೆಳಗ್ಗೆ, ಒಬ್ಬ ಕೋಟಿನವನನ್ನು ಕೂರಿಸಿಕೊಂಡು ಸಿಟಿಯ ದೊಡ್ಡ ರಸ್ತೆಯಲ್ಲಿ ಬರುತ್ತಿದ್ದೆ. ಮುಂದೆ ಬಸ್ಸು ಕೆಟ್ಟು ಸಾಲು ನಿಂತಿತು. ನಾನು ನಿಂತದ್ದು ಸರಿಯಾಗಿ ಪಾಟರ್ಸ್ ರೋ ಬಾಯಿಗೆ. ಆ ಗಲ್ಲಿಯ ಮುಂದೆ ಹಾಯುವಾಗ ನಾನು ಯಾವಾಗಲೂ ಬೇರೆ ಕಡೆ ನೋಡುತ್ತೇನೆ. ಅವತ್ತು ಒಂದು ಮೊಪೆಡ್ ನನ್ನ ಗಾಡಿಯ ಮಗ್ಗುಲಿಗೇ ಬಂದು ಪಾದಚಾರಿ ದಾರಿಗೆ ಒರಗಿ ನಿಂತಿತು. ಹ್ಯಾಂಡಲಿನ ಮೇಲೆ ಹಲಗೆ, ಹಲಗೆಗೆ ಸಿಕ್ಕಿಸಿದ ಚೀಟಿ. ಓಡಿಸುತ್ತಿದ್ದವಳು ಹೆಲ್ಮೆಟ್ ತೆಗೆದಾಗ ಬಿಳಿ ಕೂದಲು ಕಂಡಿತು.

ಬ್ರೈಡಿ ಮೊಪೆಡ್ ಇಳಿದು ಗಲ್ಲಿಯೊಳಗೆ ನಡೆದಳು. ಪ್ರವೇಶವಿಲ್ಲ ಎಂಬ ಬೋರ್ಡಿನ ಕೆಳಗೆ ನಿಂತು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಹಾಲಿನ ಬಾಗಿಲವರೆಗೂ ಹೋಗಿ, ಅದರ ಮುಂದೆ ನಿಂತು ತನ್ನ ಬಲಗೈ ನೋಡಿಕೊಂಡಳು, ಎಡಗೈ ನೋಡಿಕೊಂಡಳು. ತುಟಿ ಅಲುಗುತ್ತಿತ್ತು. ಒಪ್ಪಿಸುತ್ತಿದ್ದಳು. ಅರವತ್ತು ದಾಟಿದ ಮೇಲೆ, ಪಟ್ಟಿಯ ಮೊದಲ ಹಾದಿಯಿಂದ ಮತ್ತೆ ಶುರುಮಾಡಿದ್ದಳು.

ವಾಪಸ್ ಬಂದು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಚೀಟಿಯಲ್ಲಿ ಬರೆದಳು. ಆಮೇಲೆ ಕೆಳಮೂಲೆಯಲ್ಲಿ ಏನೋ ಸಣ್ಣದನ್ನು ನಿಧಾನವಾಗಿ ಬಿಡಿಸಿದಳು. ಏನೆಂದು ನನಗೆ ಇಣುಕಿ ನೋಡಬೇಕಾಗಿರಲಿಲ್ಲ. ಆದರೂ ನಾನು ಕಿಟಕಿಯ ಗಾಜು ಇಳಿಸಿ ಕತ್ತು ಚಾಚಿದೆ.

ಅವಳು ತಲೆಯೆತ್ತಿದಳು. ನನ್ನನ್ನು ಗುರುತಿಸಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಕೋಪವಿರಲಿಲ್ಲ ಆ ಮುಖದಲ್ಲಿ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದ ಹುಡುಗ ಇಣುಕುತ್ತಿರುವುದನ್ನು ಕಂಡವಳಂತೆ ಅವಳು ಚೀಟಿಯನ್ನು ಹಲಗೆಯಿಂದ ಬಿಡಿಸಿ, ಬರೆದ ಭಾಗ ಕೆಳಗಾಗಿ ಮಗುಚಿ ಸಿಕ್ಕಿಸಿದಳು.

"ಮುಂದೆ ದಾರಿ ತೆರವಾಯ್ತಲ್ಲಪ್ಪಾ," ಎಂದು ಹಿಂದಿನಿಂದ ಕೋಟಿನವನು ಗಾಜು ತಟ್ಟಿದ. "ಯಾಕೆ, ಹಾದಿ ಮರೆತುಹೋಯ್ತಾ?"

"ಇಲ್ಲ ಸರ್," ಎಂದು ಗಾಜು ಏರಿಸಿ ಗಾಡಿ ಮುಂದೆ ಬಿಟ್ಟೆ.